ತೊಟ್ಟಿಲಲ್ಲಿಟ್ಟ ರಕ್ತ

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಾಂ?... ಸ್ವಲ್ಪ ಗಟ್ಟಿಯಾಗಿ ಹೇಳಿ, ಇಲ್ಲಿ ಮಷೀನು ತಿರುಗ್ತಿದೆ, ಏನೂ ಕೇಳಿಸ್ತಿಲ್ಲ... ಡಾಕ್ಟ್ರಾ? ಡಾಕ್ಟ್ರೇ, ನಾನು ಆಗ್ಲಿಂದ ನಿಮಗೇ ಮಾಡ್ತಾ ಇದ್ದೀನಿ, ನೀವು ಎತ್ತಲೇ ಇಲ್ಲ, ನಿನ್ನೆ ನಾನು ಕೊಟ್ಟ ರಿಪೋರ್ಟು..."

"...ಅಣ್ಣ?"

ತಂಗಿ ಉಳಿದ ಮಾತನ್ನು ಅಲ್ಲಿಗೇ ನುಂಗಿಕೊಂಡಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಬೆವರಿಗೆ ಅಂಟಿಕೊಂಡಿದ್ದ ಕೈಗವಸುಗಳನ್ನು ಎಳೆದು ತೆಗೆಯುತ್ತಿದ್ದವಳು, ಒಂದನ್ನು ತೆಗೆದು ಇನ್ನೊಂದನ್ನು ಮರೆತೇಬಿಟ್ಟಳು. ಬೆಳಗಿನಿಂದ ಅವಳು ಕಾಯುತ್ತಿದ್ದದ್ದು ಡಾಕ್ಟರ ಕರೆಗೆ. ಈ ಹೊತ್ತಿನಲ್ಲಿ ಯಾರ ಜೊತೆ ಬೇಕಾದರೂ ಮಾತಾಡಿಯಾಳು, ಅಣ್ಣನ ಜೊತೆ ಮಾತ್ರ ಬೇಡವಾಗಿತ್ತು. ಅಣ್ಣನೇ ಸಿಕ್ಕಿದ.

"ಇದ್ಯಾವ ನಂಬರು?... ಗೋಡೆ ಫೋನಾ? ಯಾವ ಗೋಡೆ?... ಕೆಳಗ್ಯಾಕೆ ಬಂದೆ ನೀನು?... ಹಾಂ, ಗೊತ್ತು ಗೊತ್ತು, ಸ್ನಾನ ಮಾಡಿ ಮನೆ ಬಟ್ಟೆ ಹಾಕ್ಕೊಂಡು ಹೊರಡೋ ಕೋಣೆ. ಇಷ್ಟು ಬೇಗ ಬಿಟ್ಟುಬಿಟ್ರಾ? ಸಂಜೆ ಅಂದಿದ್ರಲ್ಲ... ಖುಷಿ ಇಲ್ದೆ ಏನು, ಖುಷಿನೇ... ದನಿಗೇನಾಗಿದೆ? ಏನೂ ಆಗಿಲ್ಲ. ಬೆಳಗ್ಗೆಯಿಂದ ಒಂದು ಲೋಟ ನೀರು ಕುಡಿದಿಲ್ಲ, ಅದಕ್ಕೆ."

"...ಒಬ್ನೇ ಇದ್ದೀಯಾ ಅಲ್ಲಿ?... ಕಾವಲಿನವನು?... ಹೊರಗಡೆ ಗೇಟಲ್ಲಿ. ಸರಿ. ಗಾಜಿನ ಬಾಗಿಲು ಮುಚ್ಚಿದೆ ಅಲ್ವಾ?... ಸುಮ್ನೆ ಕೇಳ್ದೆ ಕಣೋ. ಮುಚ್ಚಿದೆ ತಾನೇ?... ಹಾಂ."

ಅಣ್ಣ ಬಡಗಿ. ಅದರಲ್ಲೂ ನಾಟಕದ ಬಡಗಿ. ಅರಮನೆ, ಜೈಲು, ರೈಲು ನಿಲ್ದಾಣ ಎಲ್ಲವನ್ನೂ ತೆಳು ಹಲಗೆಯಲ್ಲಿ ಎಬ್ಬಿಸಿ, ಆಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ತುಂಬುವವನು. ಎರಡು ತಿಂಗಳ ಹಿಂದೆ ಜ್ವರ ಹಿಡಿದು, ಉಸಿರಿನಿಂದ ಉಸಿರಿಗೆ ಹರಡುವ ಆ ಹಾಳು ವೈರಸ್ಸೇ ಎಂದು ಗೊತ್ತಾಗಿ, ಆಸ್ಪತ್ರೆಯ ಹಿಂದಿನ ಕಟ್ಟಡದ ಒಂಟಿ ಕೋಣೆ ಸೇರಿದ. ಅವನು ಒಳಗಿರುವಾಗಲೇ ಅವನಿಗೆ ಮಗಳು ಹುಟ್ಟಿದಳು. ಬಾಯಿಗೆ ಬಿಡುವು ಕೊಟ್ಟು ಗೊತ್ತಿಲ್ಲದ ಮನುಷ್ಯ. ಮೊದಲ ವಾರ ಗೋಡೆಗಳಿಗೇ ಜೋಕು ಹೇಳಿದ, ಆಮೇಲೆ ಅದೂ ನಿಂತಿತು. ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರುತ್ತೀಯಾ ಎಂದು ಡಾಕ್ಟರು ಕೇಳಿದಾಗ ಸುತರಾಂ ಒಲ್ಲೆ ಅಂದಿದ್ದ. ಪುಸಲಾಯಿಸಿ ಒಪ್ಪಿಸಿದವಳು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ತಂಗಿ.

"ಏನು, ನಾಟಕದ ಬಾಗಿಲಾ? ಅದನ್ನ ಡಾಕ್ಟ್ರಿಗೂ ಹೇಳಿದ್ಯಾ?... ನಾನು ಹೇಳ್ಕೊಟ್ಟಿದ್ದು ಅಂತ ಬೇರೆ ಹೇಳಿದ್ಯಾ? ನಿನ್ನ... ತಪ್ಪೇನಿಲ್ಲ, ನಿಜಾನೇ ಅದು. ನೀನು ಸ್ಟೇಜ್ ಮೇಲೆ ನಿಲ್ಲಿಸ್ತೀಯಲ್ಲ, ಚೌಕಟ್ಟು ಇರುತ್ತೆ, ಚಿಲಕ ಇರುತ್ತೆ, ತೆಗೆದು ಒಳಗೆ ಕಾಲಿಟ್ರೆ ಹಿಂದೆ ಮನೇನೇ ಇರಲ್ಲ. ಚೀಲದಿಂದ ನಿನ್ನ ರಕ್ತಕ್ಕೆ ಏರಿಸಿದ್ರಲ್ಲ, ಆ ನಕಲಿ ಕಣಗಳೂ ಹಾಗೇನೇ. ವೈರಸ್ಸು ನಮ್ಮ ಮೈಯ ಕಣ ಅಂದ್ಕೊಂಡು ನುಗ್ಗುತ್ತೆ. ಒಳಗೆ ನೋಡಿದ್ರೆ ಒಲೆ ಇಲ್ಲ, ಹಾಸಿಗೆ ಇಲ್ಲ, ಮರಿ ಹಾಕೋಕೆ ಜಾಗ ಇಲ್ಲ. ವಾಪಸ್ ಬರೋಕೂ ಆಗಲ್ಲ. ಕಣದ ಸಮೇತ ಅದನ್ನ ಮೈ ಗುಡಿಸಿ ಎಸೆದುಬಿಡುತ್ತೆ... ಹೌದು, ಅಷ್ಟೇ. ಅಷ್ಟೇ ಚಿಕಿತ್ಸೆ."

"...ಥ್ಯಾಂಕ್ಸ್ ಎಲ್ಲಾ ಹೇಳ್ಬೇಡ ಅಣ್ಣ... ಬೇಡ ಅಂದ್ನಲ್ಲ."

ತಂಗಿಯ ಎದುರಿನ ಮೇಜಿನ ಮೇಲೆ ಎರಡು ರಕ್ತದ ಟ್ಯೂಬುಗಳಿದ್ದವು. ಎರಡಕ್ಕೂ ಒಂದೇ ಬಣ್ಣದ ಮುಚ್ಚಳ, ಎರಡರ ಮೇಲೂ ಅಣ್ಣನ ಹಾಸಿಗೆಯ ನಂಬರು. ಅವುಗಳ ಪಕ್ಕದ ಪರದೆಯಲ್ಲಿ ಎರಡು ಗೆರೆಗಳು ಮೂಡಿದ್ದವು. ಒಂದು ನೆಲ ಕಚ್ಚಿ ಮಲಗಿತ್ತು, ಇನ್ನೊಂದು ಗುಡ್ಡದ ಹಾಗೆ ಎದ್ದಿತ್ತು. ಬೆಳಗಿನಿಂದ ಆ ಗೆರೆಗಳನ್ನು ಎಷ್ಟು ಸಲ ನೋಡಿದ್ದಳೋ. ನೋಡಿದಷ್ಟೂ ಸಲ ಗುಡ್ಡ ಗುಡ್ಡವಾಗಿಯೇ ಇತ್ತು.

"ಅತ್ತಿಗೆ ಎಲ್ಲಿದ್ದಾರೆ?... ಕಾರಲ್ಲೇ ಇದ್ದಾರಾ? ನಿನಗೆ ಕಾಣ್ತಿದೆಯಾ ಕಾರು?... ಅಷ್ಟು ಹತ್ತಿರಾನಾ... ಮಗೂನೂ ಕರ್ಕೊಂಡು ಬಂದಿದ್ದಾರಾ?... ಹಾಂ, ಬರದೆ ಇರ್ತಾರಾ. ಬರ್ತಾರೆ... ಇಲ್ಲ, ನಾನು ಯಾಕೆ ಅಳ್ಲಿ?"

"...ಅಣ್ಣ, ನಿಂತಿದ್ದೀಯಾ ಕೂತಿದ್ದೀಯಾ?... ಅಲ್ಲೊಂದು ಬೆಂಚಿರ್ಬೇಕು, ಕೂತ್ಕೋ... ಕೂತ್ಕೋ ಅಂದ್ರೆ ಕೂತ್ಕೋ, ಪ್ರತಿಯೊಂದಕ್ಕೂ ಯಾಕೆ ಅಂತ ಕೇಳ್ಬೇಡ... ಅಮ್ಮ ಚೆನ್ನಾಗಿದ್ದಾರೆ. ಮನೇಲಿ ಯಾರಿಗೂ ಏನೂ ಆಗಿಲ್ಲ. ಇದು ನಿನ್ನ ವಿಷಯ."

"...ನೀನು ಹೊರಗೆ ಹೋಗ್ಬಾರದು."

"...ತಮಾಷೆ ಅಲ್ಲ ಅಣ್ಣ... ತಮಾಷೆ ಅಲ್ಲ ಅಂದ್ನಲ್ಲ, ನಗ್ಬೇಡ... ನಿನ್ನ ಮೈಯಲ್ಲಿ ಇನ್ನೂ ಇದೆ ಅದು. ವೈರಸ್ಸು. ಹೋಗಿಲ್ಲ."

ಹೇಳಿ ಮುಗಿಸಿದ ಮೇಲೆ ತಂಗಿಗೆ ಕೈಯಲ್ಲಿದ್ದ ಫೋನು ಕಾದ ಕಾವಲಿಯ ಹಾಗೆ ಅನ್ನಿಸಿತು. ನಿನ್ನೆ ಇದೇ ಫೋನಿನಲ್ಲಿ ಅವಳೇ ಅಣ್ಣನಿಗೆ, ಎಲ್ಲರಿಗಿಂತ ಮೊದಲು ಗೆದ್ದವನು ನೀನು, ಎಂದು ಹೇಳಿ ಕುಣಿದಿದ್ದಳು. ಪ್ರಯೋಗಕ್ಕೆ ಸೇರಿದ್ದ ಉಳಿದವರೆಲ್ಲ ಇನ್ನೂ ಹಾಸಿಗೆಯ ಮೇಲಿದ್ದರು, ಅವರ ಗೆರೆಗಳು ಇಷ್ಟಿಷ್ಟೇ ಇಳಿಯುತ್ತಿದ್ದವು. ಅಣ್ಣನದು ಮಾತ್ರ ದಬಕ್ಕನೆ ಬಿದ್ದು ನೆಲಕ್ಕೆ ಹತ್ತಿತ್ತು. ಡಾಕ್ಟರು ಅವನ ಕೋಣೆಯ ಕಿಟಕಿಯಾಚೆ ನಿಂತು ಚಪ್ಪಾಳೆ ತಟ್ಟಿದ್ದರಂತೆ. ಅಣ್ಣನೇ ಯಾಕೆ ಇಷ್ಟು ಬೇಗ ಎಂದು ಒಬ್ಬರಾದರೂ ಕೇಳಬೇಕಿತ್ತು, ಯಾರಿಗೂ ಕೇಳುವ ಮನಸ್ಸಿರಲಿಲ್ಲ. ಸಂತೋಷದ ಸುದ್ದಿಯನ್ನು ಯಾರು ತಾನೇ ಮಗುಚಿ ನೋಡುತ್ತಾರೆ?

"ಡಾಕ್ಟ್ರು ಸಹಿ ಹಾಕಿದ್ದು ನಿನ್ನೆಯ ರಿಪೋರ್ಟ್ ನೋಡಿ. ಅದು ಸುಳ್ಳು ರಿಪೋರ್ಟು... ಬೇರೆಯವರದಲ್ಲ, ನಿನ್ನ ರಕ್ತಾನೇ. ಅದಲು ಬದಲು ಆಗಿಲ್ಲ, ಆಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು... ಹೇಳ್ತೀನಿ, ಹೇಳೋಕೇ ಬಾಯಿ ತೆಗೆದಿರೋದು, ಸ್ವಲ್ಪ ಕೇಳಿಸ್ಕೋ."

"...ನಮ್ಮ ಲ್ಯಾಬಲ್ಲಿ ಒಂದು ಮಷೀನಿದೆ, ಟ್ಯೂಬುಗಳನ್ನ ಮಲಗಿಸಿದ್ರೆ ಮೆತ್ತಗೆ ಆ ಕಡೆ ಈ ಕಡೆ ತೂಗುತ್ತೆ. ರಕ್ತ ಹೆಪ್ಪುಗಟ್ಟಬಾರದು ಅಂತ. ನಾವು ಅದನ್ನ ತೊಟ್ಟಿಲು ಅಂತೀವಿ. ನಿಮ್ಮ ವಾರ್ಡಿನ ಟ್ಯೂಬುಗಳನ್ನ ಅದರಲ್ಲಿ ಹಾಕಲ್ಲ, ಸ್ಟ್ಯಾಂಡಲ್ಲಿ ನಿಲ್ಲಿಸ್ತಾರೆ. ನಿಂತ್ರೆ ಕೆಂಪು ಕಣಗಳು, ಅವುಗಳ ಜೊತೆ ಆ ನಕಲಿ ಕಣಗಳೂ, ತಳಕ್ಕೆ ಹೋಗಿ ಕೂತ್ಕೋತವೆ. ಮೇಲೆ ಉಳಿಯೋ ತಿಳಿಯಲ್ಲಿ ವೈರಸ್ ಎಷ್ಟಿದೆ ಅಂತ ನಾವು ಎಣಿಸೋದು... ಅರ್ಥ ಆಗ್ತಿದೆಯಾ?... ಹಾಂ."

"...ನಿನ್ನ ಟ್ಯೂಬು ಬಂದ್ರೆ ನಾನು ಸ್ಟ್ಯಾಂಡಲ್ಲಿ ಬಿಡ್ತಿರ್ಲಿಲ್ಲ. ನಾನೇ ತಗೊಂಡು ತೊಟ್ಟಿಲಿಗೆ ಹಾಕ್ತಿದ್ದೆ."

ಯಾಕೆ ಹಾಕುತ್ತಿದ್ದಳೆಂಬುದು ಆ ಕಡೆಯಿದ್ದವನಿಗೆ ಕೇಳದೆಯೂ ತಿಳಿದಿರಬೇಕು. ಅಣ್ಣ ಆನೆಯ ತೂಕದ ರಂಗಸಜ್ಜಿಕೆಯನ್ನು ಭುಜದ ಮೇಲೆ ಹೊರುವ ಆಸಾಮಿ, ಸೂಜಿ ಕಂಡರೆ ಮಾತ್ರ ಹಸುಗೂಸು. ಚಿಕ್ಕವನಿದ್ದಾಗ ಲಸಿಕೆ ಹಾಕುವವಳು ಬಂದರೆ ಅಟ್ಟ ಹತ್ತುತ್ತಿದ್ದ. ಕೆಳಗೆ ನಿಂತು, ಬಾರೋ ನಾನೂ ಚುಚ್ಚಿಸಿಕೊಂಡೆ, ನೋವಾಗಲಿಲ್ಲ, ಎಂದು ಸುಳ್ಳು ಹೇಳಿ ಇಳಿಸುತ್ತಿದ್ದವಳು ಈ ತಂಗಿಯೇ. ರಕ್ತ ಹೆಪ್ಪುಗಟ್ಟಿದರೆ ಆ ಟ್ಯೂಬು ಕೆಲಸಕ್ಕೆ ಬಾರದು, ಇನ್ನೊಮ್ಮೆ ಚುಚ್ಚಬೇಕು. ಅದನ್ನು ತಪ್ಪಿಸಲು ಅವಳು ಅಷ್ಟು ಮಾಡಿದಳು. ಎಲ್ಲರ ಟ್ಯೂಬೂ ನಿಂತಿರುವಾಗ ಅಣ್ಣನದೊಂದು ತೊಟ್ಟಿಲಲ್ಲಿ ತೂಗುತ್ತಿತ್ತು.

"ಹೌದು. ನಿನಗೆ ಇನ್ನೊಂದ್ಸಲ ಚುಚ್ಚಬಾರದು ಅಂತ. ಅಷ್ಟೇ ಅಣ್ಣ, ಬೇರೆ ಏನೂ ಇಲ್ಲ... ಆದ್ರೆ ಆ ಕಣಗಳಿಗೆ ತಾವು ಮೈಯಲ್ಲಿದ್ದೀವೋ ಟ್ಯೂಬಲ್ಲಿದ್ದೀವೋ ಹೇಗೆ ಗೊತ್ತಾಗ್ಬೇಕು? ತಳಕ್ಕೆ ಹೋಗೋಕೆ ನಾನು ಬಿಡ್ತಿಲ್ಲ, ತೂಗ್ತಾ ತೂಗ್ತಾ ವೈರಸ್ ಜೊತೆಗೇ ಬೆರೆಸ್ತಿದ್ದೀನಿ. ಅವು ತಮ್ಮ ಪಾಡಿಗೆ ಹಿಡೀತಾನೇ ಇದ್ದವು. ನಾನು ಎಣಿಸೋ ಹೊತ್ತಿಗೆ ಟ್ಯೂಬಲ್ಲಿದ್ದದ್ದೆಲ್ಲ ಖಾಲಿ... ಟ್ಯೂಬಲ್ಲಿ. ನಿನ್ನ ಮೈಯಲ್ಲಲ್ಲ."

"...ಹಾಗೆ ಮಾಡ್ಬಾರದು ಅಂತ ಯಾರೂ ಹೇಳಿರ್ಲಿಲ್ಲ. ಹಾಗೂ ಮಾಡೋರಿರ್ತಾರೆ ಅಂತ ಯಾರಿಗೂ ಹೊಳೆದಿರ್ಲಿಲ್ಲ."

"...ಇವತ್ತು ಬೆಳಗ್ಗೆ. ಹೊರಡೋ ಮುಂಚೆ ನಿನ್ನಿಂದ ಎರಡು ಟ್ಯೂಬು ತೆಗೆದ್ರಲ್ಲ. ಒಂದು ನನ್ನ ಕೈಗೆ ಬಂತು, ತೊಟ್ಟಿಲಿಗೆ ಹಾಕ್ದೆ. ಇನ್ನೊಂದನ್ನ ಪಕ್ಕದ ಮೇಜಿನವಳು ತಗೊಂಡ್ಳು. ಅವಳಿಗೆ ತಿಂಡಿಗೆ ಹೋಗೋ ಅವಸರ, ಬಂದಿದ್ದೇ ತಡ ತಿರುಗೋ ಮಷೀನಿಗೆ ಹಾಕಿ ತಿಳಿ ಬೇರೆ ಮಾಡಿಟ್ಟು ಹೋದ್ಳು. ಎರಡನ್ನೂ ನಾನೇ ಎಣಿಸ್ದೆ. ಒಂದೇ ತೋಳು, ಒಂದೇ ಸೂಜಿ, ಒಂದು ಟ್ಯೂಬಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ತುಂಬಿ ತುಳುಕ್ತಿದೆ... ಮತ್ತೆ ಮಾಡ್ದೆ. ಮತ್ತೆ ಅದೇ ಬಂತು."

"...ಮಷೀನು ಸರಿ ಇದೆ ಅಣ್ಣ. ಅದಕ್ಕೆ ನಿನ್ನ ಮೇಲೇನು ಹಠ?... ಮೈ ಹಗುರ ಆಗಿದೆ ಅಂತೀಯ, ಆಗಿರುತ್ತೆ. ಜ್ವರ ಬಿಟ್ಟಿದೆ, ಹಸಿವಾಗ್ತಿದೆ, ಎಲ್ಲಾ ನಿಜ. ನಿನಗೆ ವಾಸಿ ಆಗ್ತಾ ಇದೆ. ಆಗಿಲ್ಲ. ನಿನ್ನ ಉಸಿರಲ್ಲಿ ಅದು ಇನ್ನೂ ಹೊರಗೆ ಬರ್ತಿದೆ."

 ತಂಗಿ ಬೆರಳುಗಳಿಂದ ಮೇಜಿನ ಅಂಚನ್ನು ಉಜ್ಜುತ್ತಾ ನಿಂತಳು. ಅತ್ತಿಗೆಗೆ ಫೋನು ಮಾಡಬೇಕು, ಕಾರು ತಿರುಗಿಸಿಕೊಂಡು ಹೋಗಿ ಎನ್ನಬೇಕು. ಮೇಲಿನ ನರ್ಸಿಗೆ ಹೇಳಬೇಕು. ಡಾಕ್ಟರನ್ನು ಮೀಟಿಂಗಿನಿಂದ ಎಬ್ಬಿಸಬೇಕು. ಇದೆಲ್ಲಕ್ಕೂ ಈ ಫೋನು ಇಡಬೇಕು. ಇಟ್ಟ ಮರುಕ್ಷಣ ಅಣ್ಣ ಬಾಗಿಲು ದಾಟಿದರೆ ಹಿಡಿಯುವವರು ಅಲ್ಲಿ ಯಾರೂ ಇಲ್ಲ. ಲ್ಯಾಬಿನಲ್ಲೂ ಅವಳೊಬ್ಬಳೇ. ಬೇರೆ ದಾರಿಯಿಲ್ಲದೆ ಅವನನ್ನು ಮಾತಿನಲ್ಲೇ ಕಟ್ಟಿಹಾಕಿ ನಿಂತಿದ್ದಳು.

"ಅಣ್ಣ, ಇದ್ದೀಯಾ?... ಹಾಂ... ಏನು?... ಇಲ್ಲ. ಇನ್ನೂ ಯಾರಿಗೂ ಹೇಳಿಲ್ಲ. ಡಾಕ್ಟ್ರು ಫೋನ್ ಎತ್ತಿಲ್ಲ, ಪಕ್ಕದವಳು ಊಟಕ್ಕೆ ಹೋದವಳು ಬಂದಿಲ್ಲ. ಸದ್ಯಕ್ಕೆ ನನಗೊಬ್ಬಳಿಗೇ ಗೊತ್ತಿರೋದು... ಯಾಕೆ ಕೇಳ್ತಿದ್ದೀಯ?"

"...ಏನಂದೆ?"

"...ಇನ್ನೊಂದ್ಸಲ ಹೇಳು, ನನಗೆ ಕೇಳಿಸ್ಲಿಲ್ಲ."

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು. ಮಾತನ್ನು ಇನ್ನೊಮ್ಮೆ ಆಡುವಷ್ಟರಲ್ಲಿ ಅಣ್ಣನಿಗೇ ನಾಚಿಕೆಯಾಗಿ ಬಿಟ್ಟುಬಿಡಲಿ ಎಂಬ ಆಸೆಯಿಂದ ಕೇಳಿದಳು, ಅವನು ಬಿಡಲಿಲ್ಲ.

"ಸಂಜೆವರೆಗೆ ಸುಮ್ಮನಿರ್ಲಾ... ಸಂಜೆ ನೀನೇ ವಾಪಸ್ ಬರ್ತೀಯಾ... ಬರೀ ಮನೆವರೆಗೆ ಹೋಗಿ, ಒಂದ್ಸಲ ಎತ್ಕೊಂಡು, ಅಷ್ಟೇನಾ... ಮಾಸ್ಕ್ ಹಾಕ್ಕೋತೀಯಾ. ಮಾಸ್ಕ್ ಹಾಕ್ಕೊಂಡು ಕಾರಿನ ಕಿಟಕಿ ಎಲ್ಲಾ ಇಳಿಸಿ... ಎಲ್ಲಾ ಯೋಚ್ನೆ ಮಾಡಿಟ್ಟಿದ್ದೀಯಲ್ಲ ಇಷ್ಟರಲ್ಲೇ."

ನಿಜ ಹೇಳಬೇಕೆಂದರೆ ತಂಗಿಯ ಮನಸ್ಸು ಅಲುಗಿತು. ಈ ಎರಡು ಟ್ಯೂಬುಗಳನ್ನು ಕಸದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರೆ ಲೋಕಕ್ಕೆ ತಿಳಿಯುವುದು ನಾಳೆಗೋ ನಾಡಿದ್ದಿಗೋ. ಅಣ್ಣ ನಗುತ್ತಾ ಮನೆಗೆ ಹೋಗುತ್ತಾನೆ. ತೊಟ್ಟಿಲಿನ ವಿಷಯ ಹೊರಬರುವುದಿಲ್ಲ, ಯಾರನ್ನೂ ಕೇಳದೆ ಅಣ್ಣನ ಟ್ಯೂಬಿಗೆ ಕೈ ಹಾಕಿದ್ದಕ್ಕೆ ಅವಳ ಕೆಲಸ ಹೋಗುವುದಿಲ್ಲ. ಮಗುವಿಗೆ ಏನೂ ಆಗದೆಯೂ ಇರಬಹುದು. ಎಷ್ಟೋ ಮನೆಗಳಲ್ಲಿ ಆಗಿಲ್ಲ. ಅಷ್ಟನ್ನು ಅವಳು ಯೋಚಿಸಿದಳು, ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಈ ವೈರಸ್ಸು ದೊಡ್ಡವರನ್ನು ತಿಂಗಳುಗಟ್ಟಲೆ ಮಲಗಿಸುತ್ತದೆ. ಹಾಲು ಕುಡಿಯುವ ಮಕ್ಕಳ ಟ್ಯೂಬುಗಳೂ ಈ ಮೇಜಿಗೆ ಬಂದಿದ್ದವು, ಬೆರಳುದ್ದದ ಪುಟ್ಟ ಟ್ಯೂಬುಗಳು. ಕೆಲವರದು ಒಂದು ಸಲ ಬಂದದ್ದು ಮತ್ತೆ ಬರಲಿಲ್ಲ.

"ಆಗಲ್ಲ ಅಣ್ಣ... ಆಗಲ್ಲ ಅಂದ್ರೆ ಆಗಲ್ಲ. ಕಾರಲ್ಲಿ ಅಷ್ಟು ಹತ್ತಿರ ಕೂತ್ರೆ ಮಾಸ್ಕು ತಡೆಯಲ್ಲ... ನಿನಗೆ ಗಟ್ಟಿ ಎದೆ ಇದೆ, ನೀನು ತಡ್ಕೊಂಡೆ. ಅವಳಿಗೇನಿದೆ? ಇನ್ನೂ ಕತ್ತು ನಿಂತಿಲ್ಲ ಅವಳಿಗೆ."

"...ಬೈಯೋದಿದ್ರೆ ಬೈದುಬಿಡು."

"...ಹಾಂ, ಬೈ. ನನ್ನಿಂದಾನೇ ಆಗಿದ್ದು, ಇಲ್ಲ ಅಂದ್ನಾ?... ಹೌದು, ನೀನು ಒಲ್ಲೆ ಅಂದೆ, ನಾನೇ ಸೇರಿಸ್ದೆ... ಹೌದು, ನಿನ್ನೆ ನಾನೇ ಫೋನ್ ಮಾಡಿ ಕುಣಿದೆ... ನನ್ನ ಮುಖ ನೋಡ್ಬೇಡ, ಇನ್ನು ಮೇಲೆ ನೋಡ್ಲೇಬೇಡ, ಮಾತಾಡಿಸ್ಬೇಡ. ಎಲ್ಲಾ ಒಪ್ಕೋತೀನಿ. ಬಾಗಿಲು ಮಾತ್ರ ತೆಗೀಬೇಡ."

"...ಮುಗೀತಾ?... ಇನ್ನೂ ಇದ್ರೆ ಬೈ, ಕೇಳಿಸ್ಕೋತೀನಿ."

ಅಣ್ಣ ಅವಳಿಗೆ ದನಿಯೇರಿಸಿದ್ದು ಹಿಂದೆ ಯಾವತ್ತೆಂದು ನೆನಪಿಲ್ಲ. ಅವನದು ಏನಿದ್ದರೂ ಕೀಟಲೆ, ಜಡೆ ಎಳೆಯುವುದು, ಅಡ್ಡಹೆಸರಿಟ್ಟು ಕರೆಯುವುದು. ಈಗ ಅವನು ಆಡಿದ್ದರಲ್ಲಿ ಒಂದೆರಡು ಮಾತು ಅವಳಿಗೆ ಬಹಳ ದಿನ ಚುಚ್ಚುವಂಥವು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದಳು, ಗವಸು ಹಾಕಿದ್ದ ಕೈ ಎಂದು ನೆನಪಾಗಿ ಇಳಿಸಿದಳು, ತೋಳಿನಿಂದ ಒರೆಸಿಕೊಂಡಳು.

"ಅಲ್ಲ, ಚಿಕಿತ್ಸೆ ಸುಳ್ಳಲ್ಲ. ಅದನ್ನ ಮಾತ್ರ ಹೇಳ್ಬೇಡ. ಟ್ಯೂಬಲ್ಲಿ ಒಂದನ್ನೂ ಬಿಡದ ಹಾಗೆ ಹಿಡಿದ್ವು ಅಂದ್ರೆ ಅವುಗಳಿಗೆ ಹಿಡಿಯೋಕೆ ಬರುತ್ತೆ ಅಂತ ತಾನೇ?... ಮೈಯೊಳಗೆ ಅಷ್ಟು ದಿನ ಬಾಳ್ತಿಲ್ಲ, ಬೇಗ ಸವೆದು ಹೋಗ್ತಿವೆ, ಅದಕ್ಕೆ ನಿಧಾನ. ಇನ್ನೊಂದು ಚೀಲ ಏರಿಸ್ಬೇಕಾಗುತ್ತೆ. ಎರಡೂ ಆಗ್ಬಹುದು... ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ ಅಣ್ಣ. ಗೊತ್ತಿದೆ ಅಂತ ಹೇಳಿ ಮತ್ತೆ ನಿನಗೆ ಸುಳ್ಳು ಆಸೆ ಹುಟ್ಸಲ್ಲ."

"...ಆ ಕೋಣೆ ಹೇಗಿದೆ ಅಂತ ನನಗೆ ಗೊತ್ತಿಲ್ಲ, ಸರಿ. ನಾನು ಅಲ್ಲಿ ಇದ್ದಿಲ್ಲ, ಇದ್ದವನು ನೀನು... ಗೊತ್ತು, ಆ ಫ್ಯಾನಿನ ಸದ್ದು. ಹೇಳಿದ್ದೆ... ಹಾಂ... ಹಾಂ... ರಾತ್ರಿ ಹೊತ್ತು ಯಾರೋ ಮಾತಾಡಿದ ಹಾಗೆ ಆಗ್ತಿತ್ತಾ? ಅದನ್ನ ಹೇಳೇ ಇರ್ಲಿಲ್ಲವಲ್ಲೋ ನೀನು... ಯಾಕೆ ಹೇಳ್ಲಿಲ್ಲ?... ಅತ್ತಿಗೆಗೂ ಹೇಳಿಲ್ವಾ?"

"...ಅಣ್ಣ, ನಾನು ದಿನಾ ಬರ್ತೀನಿ. ಕಿಟಕಿ ಆಚೆ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ, ಕೆಲಸ ಮುಗಿಸಿ ಸೀದಾ ಬರ್ತೀನಿ. ಕೆಲಸ ಇದ್ರೆ. ಇಲ್ದಿದ್ರೆ ಇನ್ನೂ ಒಳ್ಳೇದು, ಬೆಳಗ್ಗೆಯಿಂದಾನೇ ಬಂದು ಕೂತ್ಕೋತೀನಿ."

"...ನಕ್ಕೆಯಾ? ನಗು, ಪರವಾಗಿಲ್ಲ."

ಅಲ್ಲಿಗೆ ತಂಗಿಗೆ ಕೊಂಚ ಉಸಿರು ಬಂತು. ಅಣ್ಣನ ಸಿಟ್ಟು ಕುಕ್ಕರಿನ ಸಿಟ್ಟು, ಸೀಟಿ ಹೊಡೆದ ಮೇಲೆ ತಣ್ಣಗಾಗುತ್ತದೆ. ಇನ್ನೆರಡು ಮಾತಾಡಿದರೆ ಮೇಲೆ ಹೋಗಲು ಒಪ್ಪುತ್ತಾನೆ ಎಂದುಕೊಂಡಳು. 

"ಯಾಕೆ ಸುಮ್ಮನಾದೆ?... ಅಣ್ಣ? ಏನಾಯ್ತು?... ಯಾರು, ಅತ್ತಿಗೆನಾ? ಕಾರಿಂದ ಇಳಿದ್ರಾ?... ಮಗು? ಮಗೂನ ಕಾರಲ್ಲೇ ಬಿಟ್ಟು... ಕೈಯಲ್ಲಿದೆಯಾ."

"...ಬರ್ಬೇಡಿ ಅಂತ ಕೈ ಮಾಡು. ಮಾಡು ಅಣ್ಣ... ಮಾಡ್ತಿದ್ದೀಯಾ?... ಅಯ್ಯೋ, ನೀನು ಬಾ ಅಂತಿದ್ದೀಯ ಅಂದ್ಕೊಂಡಿದ್ದಾರೆ ಅವರು. ಎರಡು ತಿಂಗಳಾದ ಮೇಲೆ ಗಂಡ ಕೈ ಬೀಸಿದ್ರೆ ಇನ್ನೇನು ಅಂದ್ಕೋತಾರೆ. ಕೈ ಇಳಿಸು. ಇಳಿಸು."

"...ಬಾಗಿಲಿಗೆ ಒಳಗಡೆ ಚಿಲಕ ಇದೆಯಾ?... ನೋಡು, ಮೇಲೆ ಇರುತ್ತೆ ಇಲ್ಲ ಕೆಳಗೆ ಇರುತ್ತೆ... ಇದೆಯಾ? ಹಾಕು. ಎದ್ದು ಹೋಗಿ ಹಾಕು... ಎಲ್ಲಿವರೆಗೆ ಬಂದ್ರು?... ಮೆಟ್ಟಿಲ ಹತ್ರಾನಾ... ಅಣ್ಣ, ಹಾಕು ಅಂದೆ."

"...ಯಾಕಾಗಲ್ಲ? ಕೈ ಯಾಕೆ ಏಳಲ್ಲ?"

"...ಅವರು ತಪ್ಪು ತಿಳ್ಕೊಂಡ್ರೆ ತಿಳ್ಕೊಳ್ಳಲಿ. ಗಂಡ ಮುಖದ ಮೇಲೆ ಬಾಗಿಲು ಹಾಕ್ದ ಅಂತ ನೂರು ಸಲ ತಿಳ್ಕೊಳ್ಳಲಿ, ಆಮೇಲೆ ನಾನು ಕಾಲು ಹಿಡಿದು ಹೇಳ್ತೀನಿ... ನೀನು ಅವಳ ಅಪ್ಪ ಅಲ್ವೇನೋ? ಈಗ ಬೇರೆ ಯಾರಿದ್ದಾರೆ ಅವಳಿಗೆ ಅಲ್ಲಿ? ನಾನಿಲ್ಲ, ಡಾಕ್ಟ್ರಿಲ್ಲ... ಅಣ್ಣ... ಅಣ್ಣ?"

ಆ ಕಡೆ ಅಣ್ಣ ಫೋನನ್ನು ಕೈಬಿಟ್ಟಿದ್ದ. ಅದು ತನ್ನ ವಯರಿನಲ್ಲಿ ನೇತಾಡಿ ಗೋಡೆಗೆ ಬಡಿಯುವ ಸದ್ದು ತಂಗಿಗೆ ಕೇಳಿಸಿತು, ಟಕ್, ಟಕ್, ಮತ್ತೆ ಟಕ್. ಅದರ ಹಿಂದೆ ಬರಿಗಾಲಿನ ಹೆಜ್ಜೆಗಳು ಕೇಳಿಸಿದವು. ಹೆಜ್ಜೆಗಳು ಬಾಗಿಲ ಕಡೆಗೆ ಹೋದವು, ಅಷ್ಟು ತಿಳಿಯಿತು. ಬಾಗಿಲಲ್ಲಿ ಏನು ಮಾಡಿದವು ಎಂಬುದು ತಿಳಿಯಲಿಲ್ಲ. ಕಬ್ಬಿಣದ್ದೋ ಏನೋ ಒಂದು ಕಿರ್ರೆಂದಿತು. ಹಾಕುವಾಗಲೂ ಅದೇ ಸದ್ದು, ತೆಗೆಯುವಾಗಲೂ ಅದೇ ಸದ್ದು.

ತಂಗಿ ಲ್ಯಾಬಿನ ಮಷೀನಿನ ಹತ್ತಿರ ಓಡಿ ಅದರ ಸ್ವಿಚ್ಚು ಆರಿಸಿದಳು. ಕೋಣೆಯೆಲ್ಲ ನಿಶ್ಶಬ್ದವಾಯಿತು. ಫೋನನ್ನು ಕಿವಿ ನೋಯುವಷ್ಟು ಒತ್ತಿಕೊಂಡಳು.

"ಅಣ್ಣ... ಅಣ್ಣ, ಮಾತಾಡು... ಹಾಕಿದ್ಯಾ?... ಹಲೋ?..."

ಅತ್ತಿಗೆಯ ದನಿ ಬಂತು. ಏನೋ ಹೇಳುತ್ತಿದ್ದಳು, ಮೊದಲು ನಗುತ್ತಾ, ಆಮೇಲೆ ನಗು ಬಿಟ್ಟು. ಮಾತುಗಳು ಬಿಡಿಯಾಗಿ ಕೇಳುತ್ತಿರಲಿಲ್ಲ. ಕೋಣೆಯೊಳಗಿನಿಂದಲೋ ಹೊರಗಿನಿಂದಲೋ ಎಂದು ತಂಗಿ ಕಣ್ಣು ಮುಚ್ಚಿ ಕೇಳಿದಳು. ಆಗ ಅಂಗೈಯಿಂದ ಗಾಜನ್ನು ತಟ್ಟುವ ಸದ್ದು ಬಂತು, ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಜೋರಾಗಿ. ಹಿಂದೆಯೇ ಅತ್ತಿಗೆ ಅಣ್ಣನನ್ನು ಕೂಗಿ ಕರೆದಳು, ಆ ಕೂಗು ಗಾಜಿನ ಆಚೆಯಿಂದ ಬಂತು. ಬಾಗಿಲು ತೆರೆದಿರಲಿಲ್ಲ.

ತಂಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಅತ್ತಿಗೆ ಗಾಜು ತಟ್ಟುತ್ತಲೇ ಇದ್ದಳು. ಆ ಒಂದೊಂದು ತಟ್ಟೂ ತನ್ನಿಂದಲೇ ಎಂದು ಅವಳಿಗೆ ಗೊತ್ತಿತ್ತು, ಆದರೂ ಅದು ನಿಲ್ಲದಿರಲಿ ಎಂದು ಬೇಡಿಕೊಂಡಳು.

"...ಹಾಂ... ಹಾಂ ಅಣ್ಣ, ಇದ್ದೀನಿ. ಇಲ್ಲೇ ಇದ್ದೀನಿ... ಗೊತ್ತಾಯ್ತು. ಕೇಳಿಸ್ತು ನನಗೆ... ಅಳು. ನನ್ನ ಹತ್ರ ಏನು ಸಂಕೋಚ, ಅಳು."

"...ಏನು ಕೇಳ್ತಿದ್ದಾರೆ ಅವರು?... ಈಗ ಏನೂ ಹೇಳೋಕೆ ಹೋಗ್ಬೇಡ, ನಿನ್ನಿಂದ ಆಗಲ್ಲ. ಈ ಫೋನ್ ಇಟ್ಟ ತಕ್ಷಣ ನಾನೇ ಅತ್ತಿಗೆಗೆ ಮಾಡ್ತೀನಿ, ಎಲ್ಲಾ ಹೇಳ್ತೀನಿ, ತೊಟ್ಟಿಲು ಸಮೇತ. ಡಾಕ್ಟ್ರಿಗೂ ಹೇಳ್ತೀನಿ. ನೀನು ಲಿಫ್ಟಲ್ಲಿ ಒಬ್ಬನೇ ಹೋಗು, ಯಾರಾದ್ರೂ ಹತ್ತೋಕೆ ಬಂದ್ರೆ ಬೇಡ ಅನ್ನು... ಈಗ್ಲೇ ಬೇಡ್ವಾ?... ಸರಿ. ಸರಿ, ಸ್ವಲ್ಪ ಹೊತ್ತು ನಿಂತ್ಕೋ. ಗಾಜಿದೆ ಮಧ್ಯೆ, ಏನೂ ಆಗಲ್ಲ. ನಿಂತ್ಕೋ."

"...ತಟ್ಟೋದು ನಿಲ್ಲಿಸಿದ್ರಾ?... ಹೋದ್ರಾ?... ಮತ್ತೆ?... ಎತ್ತಿ ತೋರಿಸ್ತಿದ್ದಾರಾ? ಮಗೂನಾ?"

"...ನೋಡು ಮತ್ತೆ, ನನ್ನ ಜೊತೆ ಏನು ಮಾತು? ಹತ್ರ ಹೋಗಿ ನೋಡು. ಗಾಜಿನವರೆಗೂ ಹೋಗು, ವಯರು ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ಹೋಗು... ಕಾಣ್ತಾಳಾ?... ಸರಿಯಾಗಿ ಕಾಣ್ತಾಳಾ?... ಎಚ್ಚರ ಇದ್ದಾಳಾ?... ನಿನ್ನ ಕಡೆ ನೋಡ್ತಿದ್ದಾಳಾ ಅಣ್ಣ?..."

"...ವಯರು ಸಾಲ್ತಿಲ್ವಾ? ಫೋನ್ ಬಿಟ್ಟು ಹೋಗಿ ನೋಡು... ಅಣ್ಣ?... ಕಣ್ಣು ಬಿಟ್ಟಿದ್ದಾಳಾ?..."

"...ಹಲೋ?..."